ಬೀದಿಯ ಚರಂಡಿಗೆ ಲೆಕ್ಕ ಕೇಳುವುದು ಹೇಗೆ? ಪುರಸಭೆಯ ಕಾಮಗಾರಿ, ಗುತ್ತಿಗೆಗಳ ಮೇಲೆ ಕಣ್ಣಿಡಲು ಒಂದು ಮಾರ್ಗದರ್ಶಿ

ಮಳೆಗಾಲಕ್ಕೆ ಮೊದಲು ನಮ್ಮ ಬೀದಿಗೆ ಹೊಸ ಚರಂಡಿ ಬಂತು. ಎರಡು ಮಳೆಗೆ ಅದರ ತಳ ಬಿರುಕುಬಿಟ್ಟಿತು. ಮೂರನೆಯ ಮಳೆಗೆ ಒಂದು ಕಡೆ ಕುಸಿದು, ಮನೆಗಳ ಬಚ್ಚಲ ನೀರೆಲ್ಲ ರಸ್ತೆಗೆ ಹರಿಯಿತು. ಬೀದಿಯವರೆಲ್ಲ ಸೇರಿ ಎರಡು ವಾರ ಪುರಸಭೆಯನ್ನು ಬೈದೆವು. ಬೈದದ್ದಕ್ಕೆ ಒಂದು ಬಾಂಡಲಿ ಸಿಮೆಂಟೂ ಬರಲಿಲ್ಲ. ಎದುರು ಮನೆಯಲ್ಲಿರುವ, ಜೀವಮಾನವೆಲ್ಲ ಗಾರೆ ಕೆಲಸ ಮಾಡಿದ ಹಿರಿಯರೊಬ್ಬರನ್ನು ನಾವು ಮೇಸ್ತ್ರಿ ಮಾಮ ಎಂದೇ ಕರೆಯುತ್ತೇವೆ. ಅವರು ಒಂದು ಬೆಳಿಗ್ಗೆ ಕುಸಿದ ಜಾಗದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಮುರಿದ ಕಾಂಕ್ರೀಟಿನ ಅಂಚಿಗೆ ಟೇಪು ಹಿಡಿದು, "ನಾಲ್ಕೇ ಇಂಚು ಇದೆ ನೋಡು ತಮ್ಮಾ. ಇದಕ್ಕೆ ಎಷ್ಟು ಬರೆದಿದ್ದಾರೆ, ಅದನ್ನು ಕೇಳು" ಎಂದರು.

ಆ ಒಂದು ಮಾತಿನಿಂದ ನಮ್ಮ ಕೆಲಸ ಶುರುವಾಯಿತು. ಎಷ್ಟು ಇದೆ ಎಂಬುದು ಕಣ್ಣಿಗೆ ಕಾಣುತ್ತದೆ. ಎಷ್ಟು ಬರೆದಿದ್ದಾರೆ ಎಂಬುದು ಪುರಸಭೆಯ ಕಪಾಟಿನಲ್ಲಿರುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟ ದಿನ ನಿಮ್ಮ ದೂರಿಗೆ ಅಧಿಕಾರಿ ಉತ್ತರ ಕೊಡಲೇಬೇಕಾಗುತ್ತದೆ. ಆ ದಿನದವರೆಗೆ ಹೇಗೆ ಹೋಗುವುದು ಎಂಬುದನ್ನು, ನಾವು ದಾರಿಯಲ್ಲಿ ಎಡವಿದ್ದನ್ನೂ ಸೇರಿಸಿ, ಇಲ್ಲಿ ಬರೆದಿದ್ದೇನೆ.

ಮೊದಲು: ಯಾರ ಕೆಲಸ, ಯಾರ ಹಣ ಎಂದು ತಿಳಿದುಕೊಳ್ಳಿ

ನಿಮ್ಮ ಊರಿನದು ಯಾವ ಬಗೆಯ ಸ್ಥಳೀಯ ಸಂಸ್ಥೆ ಎಂಬುದು ಮೊದಲು ಗೊತ್ತಿರಬೇಕು. ಕರ್ನಾಟಕದಲ್ಲಿ 1964ರ ಪುರಸಭೆಗಳ ಅಧಿನಿಯಮದ ಕೆಳಗೆ ಮೂರು ಬಗೆಗಳಿವೆ. ಸಾಮಾನ್ಯವಾಗಿ 10ರಿಂದ 20 ಸಾವಿರ ಜನಸಂಖ್ಯೆಗೆ ಪಟ್ಟಣ ಪಂಚಾಯಿತಿ, 20ರಿಂದ 50 ಸಾವಿರಕ್ಕೆ ಪುರಸಭೆ, ಅದಕ್ಕಿಂತ ಮೇಲೆ 3 ಲಕ್ಷದವರೆಗೆ ನಗರಸಭೆ. ಮೊದಲೆರಡರಲ್ಲಿ ಆಡಳಿತದ ಮುಖ್ಯಸ್ಥರು ಮುಖ್ಯಾಧಿಕಾರಿ, ನಗರಸಭೆಯಲ್ಲಿ ಪೌರಾಯುಕ್ತರು. ಚುನಾಯಿತ ಮಂಡಳಿಯ ಅವಧಿ ಮುಗಿದಿದ್ದರೆ ಅಧ್ಯಕ್ಷರ ಜಾಗದಲ್ಲಿ ಸರ್ಕಾರ ನೇಮಿಸಿದ ಆಡಳಿತಾಧಿಕಾರಿ ಇರುತ್ತಾರೆ. ಅಂಥ ಕಾಲದಲ್ಲಿ ವಾರ್ಡಿನ ಸದಸ್ಯರ ಮನೆ ಬಾಗಿಲು ತಟ್ಟಿ ಪ್ರಯೋಜನವಿಲ್ಲ, ಪತ್ರ ನೇರವಾಗಿ ಕಚೇರಿಗೇ ಹೋಗಬೇಕು.

ಊರೊಳಗಿನ ಎಲ್ಲ ಕೆಲಸವೂ ಪುರಸಭೆಯದಲ್ಲ. ಊರಿನ ನಡುವೆ ಹಾದುಹೋಗುವ ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಯದು. ದೊಡ್ಡ ಕುಡಿಯುವ ನೀರಿನ ಯೋಜನೆ, ಒಳಚರಂಡಿ ಯೋಜನೆಗಳನ್ನು ಹೆಚ್ಚಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಮಾಡಿಸುತ್ತದೆ. ಸಮುದಾಯ ಭವನವೋ ಶಾಲಾ ಕೊಠಡಿಯೋ ನಿರ್ಮಿತಿ ಕೇಂದ್ರದ, ಅಂದರೆ ಸರ್ಕಾರಿ ಕಟ್ಟಡ ಕಟ್ಟಿಕೊಡುವ ಜಿಲ್ಲೆಯ ಸಂಸ್ಥೆಯ, ಮೂಲಕ ಆಗಿರಬಹುದು. ತಪ್ಪು ಬಾಗಿಲು ತಟ್ಟಿದರೆ "ಇದು ನಮಗೆ ಬರುವುದಿಲ್ಲ" ಎಂಬ ಒಂದು ಸಾಲಿನ ಉತ್ತರಕ್ಕೆ ನಿಮ್ಮ ಒಂದು ತಿಂಗಳು ಕಳೆಯುತ್ತದೆ.

ಹಣದ ಮೂಲವೂ ತಿಳಿದಿರಲಿ. ಪುರಸಭೆಯ ಸ್ವಂತ ನಿಧಿ, ರಾಜ್ಯ ಹಣಕಾಸು ಆಯೋಗದ ಅನುದಾನ, ಕೇಂದ್ರ ಹಣಕಾಸು ಆಯೋಗದ ಅನುದಾನ, ಮುಖ್ಯಮಂತ್ರಿಗಳ ನಗರೋತ್ಥಾನ, ಶಾಸಕರ ಪ್ರದೇಶಾಭಿವೃದ್ಧಿ ನಿಧಿ, ಹೀಗೆ ಪ್ರತಿಯೊಂದಕ್ಕೂ ಬೇರೆ ಫೈಲು, ಬೇರೆ ಮಂಜೂರಾತಿ ಇರುತ್ತದೆ. ಕೆಲಸದ ಜಾಗದಲ್ಲಿ ನಾಮಫಲಕ ಇದ್ದರೆ ಇವೆಲ್ಲ ಅದರಲ್ಲೇ ಸಿಗುತ್ತವೆ: ಕಾಮಗಾರಿಯ ಹೆಸರು, ಯೋಜನೆ, ಅಂದಾಜು ಮೊತ್ತ, ಗುತ್ತಿಗೆದಾರರ ಹೆಸರು, ಆರಂಭದ ಮತ್ತು ಮುಗಿಯಬೇಕಾದ ದಿನಾಂಕ. ಫಲಕ ಕಂಡ ದಿನವೇ ಫೋಟೊ ತೆಗೆದುಕೊಳ್ಳಿ. ಫಲಕ ಹಾಕಿಲ್ಲವಾದರೆ ಅದನ್ನು ಹಾಕಿಸಿ ಎನ್ನುವುದೇ ನಿಮ್ಮ ಮೊದಲ ಪತ್ರವಾಗಲಿ.

ಒಂದೇ ಕಾಮಗಾರಿ ಹಿಡಿಯಿರಿ

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ನಾನೂ ಎಡವಿದೆ. "ಕಳೆದ ಐದು ವರ್ಷಗಳಲ್ಲಿ ಪುರಸಭೆ ವ್ಯಾಪ್ತಿಯಲ್ಲಿ ನಡೆದ ಎಲ್ಲ ಕಾಮಗಾರಿಗಳ ಸಂಪೂರ್ಣ ವಿವರ ಕೊಡಿ" ಎಂದು ನನ್ನ ಮೊದಲ ಅರ್ಜಿಯಲ್ಲಿ ಬರೆದಿದ್ದೆ. ಅದಕ್ಕೆ ಬಂದ ಉತ್ತರ, ಮಾಹಿತಿ ಬೃಹತ್ ಪ್ರಮಾಣದಲ್ಲಿರುವುದರಿಂದ ಕಚೇರಿಗೆ ಬಂದು ನಿರ್ದಿಷ್ಟವಾಗಿ ಕೇಳಿ ಎಂದು. ಅದರಲ್ಲಿ ಅವರದು ತಪ್ಪಿರಲಿಲ್ಲ. ಊರಿನ ಆಡಳಿತವೆಲ್ಲ ಕೆಟ್ಟಿದೆ ಎಂಬ ದೂರಿಗೆ ಯಾವ ಅಧಿಕಾರಿಯೂ ಉತ್ತರ ಹೇಳಬೇಕಾಗಿಲ್ಲ. ಇಂಥ ಬೀದಿಯಲ್ಲಿ ಇಂಥವರ ಮನೆಯಿಂದ ಇಂಥ ಅಂಗಡಿಯವರೆಗಿನ 62 ಮೀಟರ್ ಚರಂಡಿ ಎಂದರೆ ಮಾತ್ರ ನಿರ್ದಿಷ್ಟ ಫೈಲು ಕೆಳಗಿಳಿಯುತ್ತದೆ.

ಆದ್ದರಿಂದ ನಿಮ್ಮ ಮನೆಗೆ ಹತ್ತಿರದ, ದಿನವೂ ಕಣ್ಣಿಗೆ ಬೀಳುವ, ಅಳೆಯಲು ಸಾಧ್ಯವಿರುವ ಒಂದು ಕೆಲಸವನ್ನು ಆರಿಸಿಕೊಳ್ಳಿ. ಚರಂಡಿ, ಸಿಸಿ ರಸ್ತೆ, ಬಸ್ ನಿಲ್ದಾಣದ ಶೌಚಾಲಯ, ಉದ್ಯಾನದ ಕಾಂಪೌಂಡ್, ಯಾವುದಾದರೂ ಸರಿ.

ಕೆಲಸ ನಡೆಯುತ್ತಿರುವಾಗಲೇ ನೋಡಿ

ಸಿಮೆಂಟು ಎಲ್ಲವನ್ನೂ ಮುಚ್ಚಿಬಿಡುತ್ತದೆ. ಮುಚ್ಚುವ ಮೊದಲಿನ ಎರಡು ಮೂರು ದಿನ ನೀವು ನೋಡಿದ್ದು ಆಮೇಲಿನ ಎರಡು ವರ್ಷದ ಅಲೆದಾಟವನ್ನು ತಪ್ಪಿಸಬಲ್ಲದು. ಎಂಜಿನಿಯರಿಂಗ್ ಓದಿರಬೇಕಾಗಿಲ್ಲ. ಮೇಸ್ತ್ರಿ ಮಾಮ ನಮಗೆ ಹೇಳಿಕೊಟ್ಟದ್ದು ಇಷ್ಟು.

ಅಗೆತದ ಆಳ ನೋಡಿ, ತಳವನ್ನು ಧಮ್ಮಸು ಮಾಡಿದ್ದಾರೆಯೇ ನೋಡಿ. ಚರಂಡಿಯಾದರೆ ಇಳಿಜಾರು ಯಾವ ಕಡೆಗೆ ಎಂದು ಒಂದು ಕೊಡ ನೀರು ಸುರಿದು ಪರೀಕ್ಷಿಸಿ. ಎಷ್ಟೋ ಊರುಗಳಲ್ಲಿ ಚರಂಡಿ ಗಟ್ಟಿಯಾಗಿಯೇ ಇದೆ, ನೀರು ಮಾತ್ರ ಹಿಂದಕ್ಕೆ ಹರಿಯುತ್ತದೆ. ಕಂಬಿ ಕಟ್ಟಿದ್ದರೆ ಎರಡು ಕಂಬಿಗಳ ನಡುವಿನ ಅಂತರಕ್ಕೆ ಟೇಪು ಹಿಡಿದು, ಟೇಪಿನ ಅಂಕಿ ಕಾಣುವಂತೆ ಫೋಟೊ ತೆಗೆಯಿರಿ. ಕಂಬಿ ನೆಲಕ್ಕೆ ತಾಗಿಕೊಂಡು ಮಲಗಿದ್ದರೆ ಅದು ಕಾಂಕ್ರೀಟಿನೊಳಗೆ ಇದ್ದೂ ಇಲ್ಲದಂತೆ. ಕೆಳಗೆ ಕವರ್ ಬ್ಲಾಕ್ ಎನ್ನುವ ಸಣ್ಣ ಸಿಮೆಂಟಿನ ತುಂಡು ಇಟ್ಟು ಅದನ್ನು ಎತ್ತಿರಬೇಕು.

ಕಾಂಕ್ರೀಟು ಹಾಕುವ ದಿನ ಮಿಕ್ಸರಿನ ಹತ್ತಿರ ನಿಂತು ಒಂದು ಸಲಕ್ಕೆ ಎಷ್ಟು ಬಾಂಡಲಿ ಜಲ್ಲಿ, ಎಷ್ಟು ಮರಳು ಎಂದು ಎಣಿಸಿ. ಕೆಲಸದ ಅಳತೆ, ಸಾಮಗ್ರಿ, ಖರ್ಚು ಬರೆದಿರುವ ಅಂದಾಜು ಪಟ್ಟಿಯಲ್ಲಿ ಕಾಂಕ್ರೀಟಿನ ದರ್ಜೆ ಎಂ20 ಎಂದಿದ್ದರೆ, ಹಳೆಯ ಲೆಕ್ಕದಲ್ಲಿ ಅದು ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ. ಮಿಶ್ರಣ ತೆಳ್ಳಗಾಗಿ ಸಾರಿನಂತೆ ಹರಿಯುತ್ತಿದ್ದರೆ ನೀರು ಹೆಚ್ಚಾಗಿದೆ ಎಂದರ್ಥ. ನೀರು ಹೆಚ್ಚಾದಷ್ಟೂ ಹಾಕುವವರಿಗೆ ಸುಲಭ, ಕಾಂಕ್ರೀಟಿಗೆ ಕೇಡು. ಗುಣಮಟ್ಟ ಪರೀಕ್ಷೆಗೆಂದು 15 ಸೆಂಟಿಮೀಟರ್ ಅಳತೆಯ ಚೌಕ ಅಚ್ಚುಗಳಲ್ಲಿ ಮಾದರಿ ತುಂಬುತ್ತಾರೆ, 7 ಮತ್ತು 28 ದಿನಗಳಿಗೆ ಅವನ್ನು ಒಡೆದು ನೋಡುತ್ತಾರೆ. ನಿಮ್ಮ ಬೀದಿಯಲ್ಲಿ ಆ ಅಚ್ಚುಗಳನ್ನು ತುಂಬಿದರೇ ಇಲ್ಲವೇ ಎಂದು ಗಮನಿಸಿ, ದಿನಾಂಕದೊಂದಿಗೆ ಬರೆದುಕೊಳ್ಳಿ. ಅಚ್ಚೇ ತುಂಬದ ಕೆಲಸಕ್ಕೂ ಫೈಲಿನಲ್ಲಿ ಪರೀಕ್ಷಾ ವರದಿ ಸಿಕ್ಕರೆ ಅದೇ ದೊಡ್ಡ ಪ್ರಶ್ನೆಯಾಗುತ್ತದೆ.

ಆಮೇಲೆ ನೀರುಣಿಸುವುದು. ಕಡಿಮೆಯೆಂದರೂ ಏಳು ದಿನ ಕಾಂಕ್ರೀಟು ಒದ್ದೆಯಾಗಿರಬೇಕು. ಇದಕ್ಕೆ ಖರ್ಚು ಹೆಚ್ಚಿಲ್ಲ, ಬೇಕಾದದ್ದು ಗೋಣಿಚೀಲ ಮತ್ತು ಒಬ್ಬ ಆಳು. ಎಲ್ಲಕ್ಕಿಂತ ಹೆಚ್ಚಾಗಿ ತಪ್ಪುವುದೂ ಇದೇ. ನಮ್ಮ ಬೀದಿಯಲ್ಲಿ ಮರುದಿನ ಮಧ್ಯಾಹ್ನಕ್ಕೇ ಚರಂಡಿಯ ತಳ ಬಿಳಿಚಿಕೊಂಡು ಒಣಗಿತ್ತು. ಆಗ ನಮಗೆ ಅದರ ಅರ್ಥ ತಿಳಿದಿರಲಿಲ್ಲ.

ಒಂದು ಮಾತು ಮರೆಯಬೇಡಿ. ಅಲ್ಲಿ ದುಡಿಯುವ ಕೂಲಿಯವರ ಮೇಲೆ ಕೂಗಾಡಬಾರದು. ಅವರು ಹೇಳಿದ್ದನ್ನು ಮಾಡುವವರು. ಅವರಿಗೆ ಒಂದು ಚೊಂಬು ನೀರು, ಒಂದು ಲೋಟ ಚಹಾ ಕೊಟ್ಟು ಮಾತಾಡಿಸಿದರೆ ಎಷ್ಟು ಚೀಲ ಬಂತು, ಎಂಜಿನಿಯರ್ ಯಾವತ್ತು ಬಂದಿದ್ದರು ಎಂದು ಅವರೇ ಹೇಳುತ್ತಾರೆ. ಆದರೆ ಅವರ ಹೆಸರನ್ನು ಯಾವ ಪತ್ರದಲ್ಲೂ ಬರೆಯಬೇಡಿ.

ಟೆಂಡರ್ ಹೇಗಾಯಿತು ಎಂದು ನೋಡಿ

ಕರ್ನಾಟಕದಲ್ಲಿ ಸರ್ಕಾರಿ ಸಂಸ್ಥೆಗಳು ಕೆಲಸ ಮಾಡಿಸುವುದು, ಸಾಮಾನು ಕೊಳ್ಳುವುದು 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದ ಪ್ರಕಾರ. ಎಲ್ಲರ ಬಾಯಲ್ಲೂ ಅದು ಕೆಟಿಪಿಪಿ ಕಾಯ್ದೆ. ನಿಗದಿತ ಮೊತ್ತಕ್ಕಿಂತ ಮೇಲಿನ ಕೆಲಸಕ್ಕೆ ಟೆಂಡರ್ ಕರೆಯಲೇಬೇಕು, ಅದು ಕೆಪಿಪಿಪಿ ಎಂದು ಕರೆಯುವ ರಾಜ್ಯದ ಸಂಗ್ರಹಣಾ ಪೋರ್ಟಲ್‌ನಲ್ಲಿ ಬರಬೇಕು. ಟೆಂಡರ್ ಪ್ರಕಟಣೆ ನೋಡಲು ನೀವು ಗುತ್ತಿಗೆದಾರರಾಗಿರಬೇಕಾಗಿಲ್ಲ. ನಿಮ್ಮ ಪುರಸಭೆಯ ಹೆಸರು ಹಾಕಿ ಹುಡುಕಿ.

ಮೂರು ಕಡೆ ಕಣ್ಣಿಡಿ. ಒಂದು, ಒಂದೇ ರಸ್ತೆಯ ಕೆಲಸವನ್ನು "ಇಂಥವರ ಮನೆಯಿಂದ ಇಂಥವರ ಮನೆಯವರೆಗೆ" ಎಂದು ನಾಲ್ಕು ತುಂಡು ಮಾಡಿ, ಪ್ರತಿ ತುಂಡೂ ಟೆಂಡರ್ ಮಿತಿಗೆ ಸ್ವಲ್ಪ ಕೆಳಗೆ ನಿಲ್ಲುವಂತೆ ಅಂದಾಜು ಹಾಕಿರುವುದು. ಕ್ರಿಯಾ ಯೋಜನೆಯನ್ನು, ಅಂದರೆ ಕೈಗೊಳ್ಳಲಿರುವ ಕೆಲಸಗಳ ಪಟ್ಟಿಯನ್ನು, ವಾರ್ಡುವಾರು ಓದಿದರೆ ಇದು ಎದ್ದು ಕಾಣುತ್ತದೆ. ಎರಡು, ಅಲ್ಪಾವಧಿ ಟೆಂಡರ್. ಅವಧಿ ಕಡಿತ ಮಾಡಬೇಕಾದರೆ ಟೆಂಡರ್ ಕರೆಯುವವರಿಗಿಂತ ಮೇಲಿನ ಅಧಿಕಾರಿ ಕಾರಣವನ್ನು ಬರಹದಲ್ಲಿ ದಾಖಲಿಸಿ ಅನುಮತಿ ಕೊಟ್ಟಿರಬೇಕು. ಆ ಅನುಮತಿಯ ಪ್ರತಿ ಕೇಳಿ. ಮೂರು, ಸೆಕ್ಷನ್ 4(ಜಿ) ವಿನಾಯಿತಿ. ಸರ್ಕಾರ ಅಧಿಸೂಚನೆ ಹೊರಡಿಸಿ ನಿರ್ದಿಷ್ಟ ಕೆಲಸವನ್ನು ಟೆಂಡರ್‌ನಿಂದ ಹೊರಗಿಡಬಹುದು ಎಂದು ಕಾಯ್ದೆಯೇ ಹೇಳುತ್ತದೆ. ಹಾಗೆ ಕೊಟ್ಟಿದ್ದರೆ ಅಧಿಸೂಚನೆ ಇರಲೇಬೇಕು.

ಇನ್ನೊಂದು ಸಂಗತಿ ಗುತ್ತಿಗೆಯ ದರ. ಅಂದಾಜಿಗಿಂತ ತೀರ ಕಡಿಮೆಗೆ ಕೂಗಿ ಕೆಲಸ ಹಿಡಿದದ್ದು ಕಂಡರೆ ಪುರಸಭೆಗೆ ಉಳಿತಾಯವಾಯಿತು ಎಂದು ಸುಮ್ಮನಾಗಬೇಡಿ. ಆ ಕಡಿಮೆ ಮಾಡಿದ ಹಣ ಎಲ್ಲಿಂದಲೋ ಬರಬೇಕು. ಹೆಚ್ಚಾಗಿ ಅದು ಬರುವುದು ಕಾಂಕ್ರೀಟಿನ ದಪ್ಪದಿಂದ. ಇಂಥ ಕೆಲಸಗಳ ಮೇಲೆ ಎರಡು ಪಟ್ಟು ಗಮನ ಬೇಕು. ಟೆಂಡರಿನಲ್ಲಿ ಉಳಿದ ಮೊತ್ತಕ್ಕೆ ಆಮೇಲೆ ಯಾವ ಕೆಲಸ ತೋರಿಸಿದರು ಎಂಬುದನ್ನೂ ಕೇಳಿ. "ಉಳಿಕೆ ಮೊತ್ತದ ಕಾಮಗಾರಿ" ಎಂಬ ತಲೆಬರಹದ ಕೆಳಗೆ ಅದು ಸಿಗುತ್ತದೆ.

ಮಾಹಿತಿ ಹಕ್ಕಿನ ಅರ್ಜಿ: ಹೇಗೆ ಬರೆಯುವುದು

2005ರ ಮಾಹಿತಿ ಹಕ್ಕು ಕಾಯ್ದೆ ಎಲ್ಲರಿಗೂ ಗೊತ್ತು. ಆದರೆ ಕರ್ನಾಟಕದ ನಿಯಮದಲ್ಲಿ ಒಂದು ವಿಶೇಷವಿದೆ. ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು ಮತ್ತು ಸಾಮಾನ್ಯವಾಗಿ 150 ಪದ ಮೀರಬಾರದು. ಇದನ್ನು ತಿಳಿಯದೆ ಎರಡು ಪುಟದ ಅಹವಾಲು ಬರೆದು, ಅರ್ಜಿ ತಿರಸ್ಕೃತವಾಗಿ, ಬೇಸತ್ತು ಬಿಟ್ಟವರು ನಮ್ಮ ಊರಿನಲ್ಲೇ ಇದ್ದಾರೆ. ಅರ್ಜಿಯಲ್ಲಿ ಸಿಟ್ಟು ಬೇಡ, ಏಕೆ ಎಂಬ ಪ್ರಶ್ನೆಯೂ ಬೇಡ. ದಾಖಲೆಯ ಹೆಸರು ಹೇಳಿ ಪ್ರತಿ ಕೇಳಿ. ನಾವು ಬರೆದದ್ದು ಹೀಗಿತ್ತು:

"ವಾರ್ಡ್ ಸಂಖ್ಯೆ ___, ___ ಬೀದಿಯಲ್ಲಿ ___ ಸಾಲಿನಲ್ಲಿ ನಿರ್ಮಿಸಿದ ಕಾಂಕ್ರೀಟ್ ಚರಂಡಿ ಕಾಮಗಾರಿಗೆ ಸಂಬಂಧಿಸಿದ ಕೆಳಕಂಡ ದಾಖಲೆಗಳ ದೃಢೀಕೃತ ಪ್ರತಿಗಳನ್ನು ನೀಡಲು ಕೋರುತ್ತೇನೆ. 1. ಮಂಜೂರಾದ ಅಂದಾಜು ಪಟ್ಟಿ ಮತ್ತು ನಕ್ಷೆ. 2. ಆಡಳಿತಾತ್ಮಕ ಅನುಮೋದನೆ ಮತ್ತು ತಾಂತ್ರಿಕ ಮಂಜೂರಾತಿ. 3. ಟೆಂಡರ್ ಪ್ರಕಟಣೆ ಹಾಗೂ ದರಗಳ ತುಲನಾತ್ಮಕ ಪಟ್ಟಿ. 4. ಕಾರ್ಯಾದೇಶ ಮತ್ತು ಕರಾರು ಪತ್ರ. 5. ಅಳತೆ ಪುಸ್ತಕದ ಸಂಬಂಧಿಸಿದ ಪುಟಗಳು. 6. ಪಾವತಿಸಿದ ಬಿಲ್ಲುಗಳು. 7. ಗುಣಮಟ್ಟ ಪರೀಕ್ಷಾ ವರದಿ ಮತ್ತು ಮೂರನೇ ವ್ಯಕ್ತಿ ತಪಾಸಣಾ ವರದಿ. 8. ಕಾಮಗಾರಿಗೆ ಮೊದಲು, ನಡುವೆ ಮತ್ತು ನಂತರ ತೆಗೆದ ಫೋಟೊಗಳು."

ಮೂರನೇ ವ್ಯಕ್ತಿ ತಪಾಸಣೆ ಎಂದರೆ ಪುರಸಭೆಗೂ ಗುತ್ತಿಗೆದಾರರಿಗೂ ಸೇರದ ಹೊರಗಿನವರು ಮಾಡುವ ತಪಾಸಣೆ. ಅಳತೆ ಪುಸ್ತಕದ ಬಗ್ಗೆ ಮುಂದೆ ಹೇಳುತ್ತೇನೆ. ಈ ಅರ್ಜಿಯನ್ನು ನಮೂನೆ 'ಎ'ಯಲ್ಲಿ ತುಂಬಿ, 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಪುರಸಭೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಕೊಡಿ. ಕೈಯಲ್ಲಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ನಾಳೆ ಬನ್ನಿ ಎಂದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಅರ್ಜಿ ಶುಲ್ಕವಿಲ್ಲ, ಕಾರ್ಡಿನ ಪ್ರತಿ ಲಗತ್ತಿಸಬೇಕು. ನಕಲಿಗೆ ಪುಟಕ್ಕೆ 2 ರೂಪಾಯಿಯಂತೆ ಕಟ್ಟಲು ಹೇಳಿ ಪತ್ರ ಬರುತ್ತದೆ. 30 ದಿನ ಮೀರಿದ ಮೇಲೆ ಕೊಟ್ಟರೆ ಆ ಮಾಹಿತಿಯನ್ನು ಉಚಿತವಾಗಿ ಕೊಡಬೇಕು.

30 ದಿನಕ್ಕೆ ಉತ್ತರ ಬಾರದಿದ್ದರೆ ಅಥವಾ ಅರ್ಧಂಬರ್ಧ ಬಂದರೆ, ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ. ಅದಕ್ಕೂ ಆಗದಿದ್ದರೆ 90 ದಿನಗಳೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಮಾಹಿತಿ ತಡೆಹಿಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಆಯೋಗದಲ್ಲಿ ವಿಚಾರಣೆಗೆ ಬರುವಾಗ ತಡವಾಗುತ್ತದೆ ನಿಜ. ಆದರೆ ಬಹಳಷ್ಟು ಮಾಹಿತಿ ಮೊದಲ ಮೇಲ್ಮನವಿಯ ನೋಟಿಸು ಮುಟ್ಟಿದ ಕೂಡಲೇ ಬರುತ್ತದೆ. ನಮಗೆ ಅಳತೆ ಪುಸ್ತಕದ ಪುಟ ಸಿಕ್ಕಿದ್ದು ಹಾಗೆಯೇ.

ಈ ಕಾಯ್ದೆಯಲ್ಲಿ ಜನ ಬಳಸದೇ ಬಿಟ್ಟಿರುವ ಒಂದು ಹಕ್ಕಿದೆ. ಸೆಕ್ಷನ್ 2(ಜೆ) ಪ್ರಕಾರ ಮಾಹಿತಿ ಹಕ್ಕು ಎಂದರೆ ಕಾಗದದ ನಕಲು ಪಡೆಯುವುದಷ್ಟೇ ಅಲ್ಲ. ಕಾಮಗಾರಿಯನ್ನೇ ಪರಿಶೀಲಿಸುವುದು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವುದು ಕೂಡ ಅದರಲ್ಲಿ ಸೇರಿದೆ. "ಸದರಿ ಚರಂಡಿಯನ್ನು ಕಿರಿಯ ಎಂಜಿನಿಯರ್ ಸಮಕ್ಷಮದಲ್ಲಿ ಅಳತೆ ಪುಸ್ತಕದೊಂದಿಗೆ ಪರಿಶೀಲಿಸಲು ದಿನಾಂಕ ನಿಗದಿಪಡಿಸಿ" ಎಂದು ಒಂದು ಬೇರೆ ಅರ್ಜಿ ಹಾಕಿ. ಅಧಿಕಾರಿಯ ಎದುರಿಗೇ ಟೇಪು ಹಿಡಿದ ಅಳತೆಯನ್ನು ಯಾರೂ ಅಲ್ಲಗಳೆಯಲಾರರು.

ಅಳತೆ ಪುಸ್ತಕ ಓದುವುದು

ಕೈಗೆ ಬಂದ ಕಾಗದಗಳಲ್ಲಿ ಮುಖ್ಯವಾದದ್ದು ಅಳತೆ ಪುಸ್ತಕ. ಕಚೇರಿಯಲ್ಲಿ ಎಲ್ಲರೂ ಎಂ.ಬಿ. ಎನ್ನುತ್ತಾರೆ. ಅದು ಪುಟಸಂಖ್ಯೆ ಅಚ್ಚಾದ ಪುಸ್ತಕ. ಎಂಜಿನಿಯರ್ ಸ್ಥಳಕ್ಕೆ ಬಂದು ಅಳೆದು, ತಾನು ಅಳೆದದ್ದನ್ನು ದಿನಾಂಕ ಹಾಕಿ ಬರೆದು ಸಹಿ ಮಾಡಬೇಕು. ಗುತ್ತಿಗೆದಾರರಿಗೆ ಹಣ ಹೋಗುವುದು ಈ ಬರವಣಿಗೆಯ ಆಧಾರದ ಮೇಲೆ. ಮೊದಲ ಸಲ ನೋಡಿದವರಿಗೆ ಬರೀ ಅಂಕಿಗಳ ಕಾಡು ಕಾಣುತ್ತದೆ. ಒಂದು ಸಾಲು ಬಿಡಿಸಿದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ.

ನಮ್ಮ ಚರಂಡಿಯ ತಳದ ಕಾಂಕ್ರೀಟಿಗೆ ಬರೆದಿದ್ದ ಸಾಲು: 1 × 62.00 × 0.60 × 0.15 = 5.58. ಮೊದಲನೆಯದು ಎಷ್ಟು ಸಂಖ್ಯೆ ಎಂಬುದು, ಆಮೇಲೆ ಉದ್ದ, ಅಗಲ, ದಪ್ಪ, ಎಲ್ಲವೂ ಮೀಟರಿನಲ್ಲಿ. ಕೊನೆಯದು ಘನ ಮೀಟರ್. ಅಂದರೆ 62 ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪ. ಮೇಸ್ತ್ರಿ ಮಾಮನ ನಾಲ್ಕು ಇಂಚು ಎಂದರೆ 10 ಸೆಂಟಿಮೀಟರ್. 62 × 0.60 × 0.10 ಗುಣಿಸಿದರೆ 3.72. ಬರೆದದ್ದು 5.58, ಅಷ್ಟೂ ಉದ್ದಕ್ಕೆ ನಾಲ್ಕೇ ಇಂಚು ಇದ್ದರೆ ಆಗುವುದು 3.72. ವ್ಯತ್ಯಾಸ 1.86 ಘನ ಮೀಟರ್, ಅಂದರೆ ಬರೆದದ್ದರಲ್ಲಿ ಮೂರನೇ ಒಂದು ಪಾಲು. ಆ ಪುಟ ನೋಡಿದಾಗ ನನ್ನ ಕೈ ನಡುಗಿದ್ದು ಈಗಲೂ ನೆನಪಿದೆ. ಎರಡು ವಾರ ಬೈದದ್ದರಲ್ಲಿ ಇಲ್ಲದ ಬಲ ಆ ಒಂದು ಗುಣಾಕಾರದಲ್ಲಿತ್ತು.

ಆದರೆ ಒಂದು ಕಡೆ ಅಳೆದು ತೀರ್ಮಾನಕ್ಕೆ ಬರಬಾರದು. ಚರಂಡಿ ಮುರಿದ, ಅಂಚು ಕಾಣುವ ಐದಾರು ಕಡೆ ಅಳೆಯಿರಿ. ಪ್ರತಿ ಜಾಗದ ಫೋಟೊದಲ್ಲಿ ಟೇಪಿನ ಅಂಕಿಯೂ ಹಿಂದಿನ ಮನೆಯೋ ಕಂಬವೋ ಗುರುತಿಗೆ ಸಿಗುವಂತೆ ತೆಗೆಯಿರಿ. ನಾವು ಅಳೆದ ಆರು ಜಾಗಗಳಲ್ಲಿ ಎರಡರಲ್ಲಿ ದಪ್ಪ ಸರಿಯಾಗಿಯೇ ಇತ್ತು. ಅದನ್ನೂ ದೂರಿನಲ್ಲಿ ಬರೆದೆವು. ಸರಿಯಿದ್ದದ್ದನ್ನೂ ಸರಿಯಿದೆ ಎಂದು ಬರೆದದ್ದರಿಂದಲೇ ಉಳಿದ ನಾಲ್ಕನ್ನು ನಂಬಿದರು ಎಂದು ನನಗೆ ಅನ್ನಿಸುತ್ತದೆ. ಗಟ್ಟಿಯಿರುವ ಚರಂಡಿಯನ್ನು ನೋಡಲೆಂದು ನೀವೇ ಒಡೆಯಬೇಡಿ. ಅದು ಸಾರ್ವಜನಿಕ ಆಸ್ತಿ.

ಅಂದಾಜು ಪಟ್ಟಿಯಲ್ಲಿ ಇದ್ದು ಕೆಲಸದಲ್ಲಿ ಇಲ್ಲದ ಅಂಶಗಳನ್ನೂ ಹುಡುಕಿ. ಅಗೆದ ಮಣ್ಣನ್ನು ಸಾಗಿಸಿದ್ದಕ್ಕೆ ಹಣ ಬರೆದಿರುತ್ತದೆ, ಮಣ್ಣು ನಿಮ್ಮ ಮನೆಯ ಮುಂದೆಯೇ ಬಿದ್ದಿರುತ್ತದೆ. ಚಪ್ಪಡಿಗೆ ಸಂಖ್ಯೆ ಬರೆದಿರುತ್ತದೆ, ಎಣಿಸಿದರೆ ಕಡಿಮೆ ಇರುತ್ತದೆ. ಇಂಥವು ತಕ್ಷಣ ರುಜುವಾಗುತ್ತವೆ.

ಶೌಚಾಲಯ, ನೀರಿನ ಟ್ಯಾಂಕರ್, ಮಳಿಗೆ: ಕಟ್ಟಡವಿಲ್ಲದ ಗುತ್ತಿಗೆಗಳು

ಚರಂಡಿಯನ್ನು ಅಳೆಯಬಹುದು. ನಿರ್ವಹಣೆಯ ಗುತ್ತಿಗೆಯನ್ನು ಅಳೆಯುವುದು ಹೇಗೆ? ಇಲ್ಲಿ ಟೇಪಿನ ಜಾಗದಲ್ಲಿ ದಿನಚರಿ ಬೇಕು. ಬಸ್ ನಿಲ್ದಾಣದ ಶೌಚಾಲಯವನ್ನೇ ತೆಗೆದುಕೊಳ್ಳಿ. ನಮ್ಮ ಓಣಿಯ ಇಬ್ಬರು ಹೆಣ್ಣುಮಕ್ಕಳು ದಿನವೂ ಬಸ್ಸಿಗೆ ಹೋಗುವವರು. ಅವರು ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಂದು ನೋಟ್ ಪುಸ್ತಕದಲ್ಲಿ ಬರೆದರು: ಬಾಗಿಲು ತೆರೆದಿತ್ತೇ, ನಲ್ಲಿಯಲ್ಲಿ ನೀರಿತ್ತೇ, ದೀಪವಿತ್ತೇ, ಚಿಲಕವಿತ್ತೇ, ಎಷ್ಟು ಹಣ ಕೇಳಿದರು. 21 ನಮೂದುಗಳಲ್ಲಿ 9 ಸಲ ಮಹಿಳೆಯರ ಕಡೆಯ ಬಾಗಿಲಿಗೆ ಬೀಗವಿತ್ತು. ಆ ಬೀಗದ ಮುಂದೆ ನಿಂತು ಹಿಂದಿರುಗಿದ ವಯಸ್ಸಾದ ಅಜ್ಜಿಯೊಬ್ಬರ ಬಗ್ಗೆ ಅವರು ಬರೆದ ಒಂದು ಸಾಲು ಓದಿ ನಮಗೆಲ್ಲ ಹೊಟ್ಟೆ ಉರಿಯಿತು.

ಆಮೇಲೆ ಕರಾರು ಪತ್ರ ತರಿಸಿಕೊಳ್ಳಿ. ತೆರೆದಿರಬೇಕಾದ ಸಮಯ, ಸ್ವಚ್ಛ ಮಾಡುವ ಸರದಿ, ವಸೂಲಿ ಮಾಡಬಹುದಾದ ದರ, ತಪ್ಪಿದರೆ ಕಡಿತ ಮಾಡಬೇಕಾದ ದಂಡ ಎಲ್ಲವೂ ಅದರ ಷರತ್ತುಗಳಲ್ಲಿ ಇರುತ್ತವೆ. ನಿಮ್ಮ ನೋಟ್ ಪುಸ್ತಕವನ್ನು ಷರತ್ತಿನ ಪಕ್ಕ ಇಟ್ಟು, ಆ ತಿಂಗಳ ಬಿಲ್ಲಿನಲ್ಲಿ ಎಷ್ಟು ದಂಡ ಹಿಡಿದಿದ್ದಾರೆ ಎಂದು ಕೇಳಿ. ಷರತ್ತೇ ಇಲ್ಲದ ಕರಾರಾಗಿದ್ದರೆ, ಮುಂದಿನ ಟೆಂಡರಿನಲ್ಲಿ ಸೇರಿಸಲು ಬರಹದಲ್ಲಿ ಒತ್ತಾಯಿಸಿ.

ಬೇಸಿಗೆಯಲ್ಲಿ ಟ್ಯಾಂಕರ್ ನೀರಿನ ಬಿಲ್ಲು ದೊಡ್ಡದಾಗುತ್ತದೆ. ಯಾವ ದಿನ, ಯಾವ ವಾಹನ, ಯಾವ ಬೀದಿಗೆ ಎಷ್ಟು ಸಲ ಬಂತು ಎಂದು ಬೀದಿಯಲ್ಲೇ ಬರೆದಿಡಿ, ವಾಹನದ ಸಂಖ್ಯೆ ಸಹಿತ. ಕಸದ ಗಾಡಿಗಳಿಗೆ ಲಾಗ್ ಪುಸ್ತಕ ಇರುತ್ತದೆ, ಡೀಸೆಲ್ ಲೆಕ್ಕ ಅದರಲ್ಲಿ ಸಿಗುತ್ತದೆ. ಪುರಸಭೆಯ ಮಳಿಗೆಗಳ ವಿಷಯದಲ್ಲಿ ಮೂರು ಪಟ್ಟಿ ಸಾಕು: ಯಾವ ಮಳಿಗೆಯ ಅವಧಿ ಯಾವಾಗ ಮುಗಿಯಿತು, ಕೊನೆಯ ಹರಾಜು ಯಾವಾಗ, ಬಾಕಿ ಬಾಡಿಗೆ ಎಷ್ಟು.

ಆಯವ್ಯಯ ಮತ್ತು ಲೆಕ್ಕಪರಿಶೋಧನೆ

ಆಯವ್ಯಯ ಮಂಡಿಸುವ ಮೊದಲು ಸಾರ್ವಜನಿಕರ ಸಲಹೆಗೆಂದು ಪೂರ್ವಭಾವಿ ಸಭೆ ಕರೆಯುತ್ತಾರೆ. ಬರುವವರು ಬೆರಳೆಣಿಕೆಯಷ್ಟು ಜನ. ಅಲ್ಲಿ ಭಾಷಣ ಮಾಡದೆ ಒಂದು ಬೇಡಿಕೆಯನ್ನು ಬರಹದಲ್ಲಿ ಕೊಟ್ಟು ನಡಾವಳಿಯಲ್ಲಿ ಸೇರಿಸಲು ಹೇಳಿ. ಪ್ರತಿ ಆಯವ್ಯಯದಲ್ಲಿ ಪರಿಶಿಷ್ಟ ಜಾತಿ, ಪಂಗಡಗಳಿಗೆ ಶೇ 24.10, ಇತರ ದುರ್ಬಲ ವರ್ಗಗಳಿಗೆ ಶೇ 7.25, ಅಂಗವಿಕಲರಿಗೆ ಶೇ 5ರಷ್ಟು ಮೀಸಲಿಡುವ ಹಣ ಇರುತ್ತದೆ. ಹೋದ ವರ್ಷದ್ದರಲ್ಲಿ ಎಷ್ಟು ಖರ್ಚಾಗದೆ ಉಳಿಯಿತು ಎಂದು ಕೇಳುವುದು ನ್ಯಾಯವಾದ ಪ್ರಶ್ನೆ.

ಪುರಸಭೆಯ ಲೆಕ್ಕವನ್ನು ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆ ಪರಿಶೀಲಿಸುತ್ತದೆ. ಆ ವರದಿಯ ಪ್ರತಿ ಕೇಳಿದರೆ ಕೊಡಬೇಕು. ಅದರಲ್ಲಿ "ಆಕ್ಷೇಪಣೆಯಲ್ಲಿಟ್ಟ ಮೊತ್ತ", "ವಸೂಲಾತಿಗೆ ಸೂಚಿಸಿದ ಮೊತ್ತ" ಎಂಬ ಎರಡು ಪಟ್ಟಿ ಮೊದಲು ಓದಿ. ನೀವು ಹುಡುಕಬೇಕಾದ ಅರ್ಧದಷ್ಟನ್ನು ಲೆಕ್ಕಪರಿಶೋಧಕರು ಆಗಲೇ ಹುಡುಕಿ ಬರೆದಿಟ್ಟಿರುತ್ತಾರೆ. ವಸೂಲಾಯಿತೇ ಎಂದು ಕೇಳುವವರಷ್ಟೇ ಇಲ್ಲ.

ದೂರು ಎಲ್ಲಿಗೆ, ಯಾವ ಕ್ರಮದಲ್ಲಿ

ಮೊದಲ ದೂರು ಮುಖ್ಯಾಧಿಕಾರಿಗೇ ಹೋಗಲಿ. ಒಂದು ಪುಟ. ಕಾಮಗಾರಿಯ ಹೆಸರು, ಎಂ.ಬಿ. ಪುಟದ ಸಂಖ್ಯೆ, ಬರೆದ ಅಳತೆ, ಸ್ಥಳದಲ್ಲಿ ಸಿಕ್ಕ ಅಳತೆ, ಫೋಟೊ, ಏನಾಗಬೇಕು ಎಂಬ ಬೇಡಿಕೆ, ಬೀದಿಯವರ ಸಹಿ. ಕಳ್ಳರು, ಲೂಟಿ ಎಂಬ ಪದಗಳನ್ನು ಬರೆಯಬೇಡಿ. ಅಂಕಿ ಹೇಳಬೇಕಾದ್ದನ್ನು ಹೇಳುತ್ತದೆ. ಬೀದಿದೀಪ, ಕಸ, ನೀರಿನಂಥ ದಿನದ ದೂರುಗಳಿಗೆ ಪೌರಾಡಳಿತ ಇಲಾಖೆಯ ಜನಹಿತ ಆ್ಯಪ್ ಇದೆ. ಅದರಲ್ಲಿ ಬರುವ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

15-20 ದಿನಕ್ಕೆ ಚಲನೆ ಕಾಣದಿದ್ದರೆ ಜಿಲ್ಲಾಧಿಕಾರಿ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶದ ಯೋಜನಾ ನಿರ್ದೇಶಕರಿಗೆ ಬರೆಯಿರಿ, ಒಂದು ಪ್ರತಿ ಬೆಂಗಳೂರಿನ ಪೌರಾಡಳಿತ ನಿರ್ದೇಶನಾಲಯಕ್ಕೆ. ಜಿಲ್ಲಾಧಿಕಾರಿಗಳ ಜನಸ್ಪಂದನ ಸಭೆಗೆ ಹೋಗುವುದಾದರೆ ನಾಲ್ಕೈದು ಜನ ಒಟ್ಟಿಗೆ ಹೋಗಿ.

ಹಣ ದುರುಪಯೋಗ ಸ್ಪಷ್ಟವಾಗಿದ್ದರೆ ಲೋಕಾಯುಕ್ತ. 1984ರ ಕಾಯ್ದೆಯ ಪ್ರಕಾರ ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ಅಫಿಡವಿಟ್, ಜೊತೆಗೆ ದಾಖಲೆಗಳು. ಭ್ರಷ್ಟಾಚಾರ ನಿಗ್ರಹ ದಳವನ್ನು 2022ರಲ್ಲಿ ಹೈಕೋರ್ಟ್ ರದ್ದುಪಡಿಸಿದ ಮೇಲೆ ಲಂಚದ ಪ್ರಕರಣಗಳೂ ಲೋಕಾಯುಕ್ತ ಪೊಲೀಸರ ಬಳಿಗೇ ಬರುತ್ತವೆ. ಸುಳ್ಳು ದೂರಿಗೆ ಶಿಕ್ಷೆಯಿದೆ, ಆದ್ದರಿಂದ ಕೈಯಲ್ಲಿ ಕಾಗದ ಇಲ್ಲದ ಮಾತನ್ನು ಅಫಿಡವಿಟ್ಟಿನಲ್ಲಿ ಸೇರಿಸಬೇಡಿ.

ನಿಮ್ಮ ಸುರಕ್ಷತೆಯ ಬಗ್ಗೆಯೂ ಹೇಳಲೇಬೇಕು. ಮಾಹಿತಿ ಕೇಳಿದವರ ಮೇಲೆ ಹಲ್ಲೆಗಳಾದದ್ದು ನಮ್ಮ ದೇಶದಲ್ಲಿ ಹೊಸದಲ್ಲ. ಒಬ್ಬರೇ ಅರ್ಜಿ ಹಾಕುತ್ತಾ ಹೋಗಬೇಡಿ, ಬೇರೆ ಬೇರೆ ಹೆಸರಿನಲ್ಲಿ ಹಾಕಿ. ಗುತ್ತಿಗೆದಾರರು ಮನೆಗೆ ಬಂದು ಮಾತಾಡೋಣ ಎಂದರೆ, "ನಾಳೆ ಸ್ಥಳದಲ್ಲೇ ಎಲ್ಲರ ಎದುರಿಗೆ ಮಾತಾಡೋಣ" ಎನ್ನಿ. ಬೆದರಿಕೆ ಬಂದರೆ ಅದೇ ದಿನ ಪೊಲೀಸ್ ಠಾಣೆಯಲ್ಲಿ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ದೋಷ ಹೊಣೆಗಾರಿಕೆ ಅವಧಿ: ಕೈಯಲ್ಲಿರುವ ದಿಟವಾದ ಅಸ್ತ್ರ

ತನಿಖೆ, ಶಿಕ್ಷೆ ಎಲ್ಲ ದೂರದ ಮಾತು. ಚರಂಡಿ ಮಾತ್ರ ಈ ಮಳೆಗಾಲಕ್ಕೇ ಬೇಕು. ಅದಕ್ಕೆ ಕರಾರು ಪತ್ರದಲ್ಲಿರುವ ದೋಷ ಹೊಣೆಗಾರಿಕೆ ಅವಧಿಯ ಷರತ್ತನ್ನು ಹುಡುಕಿ. ಕೆಲಸ ಮುಗಿದ ದಿನದಿಂದ ಅಷ್ಟು ಕಾಲದೊಳಗೆ ಬಂದ ದೋಷವನ್ನು ಗುತ್ತಿಗೆದಾರರು ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು. ಅವರ ಭದ್ರತಾ ಠೇವಣಿ, ಬಿಲ್ಲಿನಿಂದ ಹಿಡಿದಿಟ್ಟ ಹಣ ಆವರೆಗೆ ಪುರಸಭೆಯ ಬಳಿಯೇ ಇರುತ್ತದೆ. ಅವಧಿ ಎಷ್ಟೆಂಬುದು ಕೆಲಸದಿಂದ ಕೆಲಸಕ್ಕೆ ಬೇರೆ, ಆದ್ದರಿಂದ ಕರಾರಿನಲ್ಲೇ ನೋಡಬೇಕು. ಅವಧಿ ಮುಗಿಯುವ ಮುನ್ನ ದೋಷಗಳ ಪಟ್ಟಿಯನ್ನು ಫೋಟೊ ಸಹಿತ ಕೊಟ್ಟು, ಸರಿಪಡಿಸುವವರೆಗೆ ಠೇವಣಿ ಬಿಡುಗಡೆ ಮಾಡಬಾರದೆಂದು ಬರೆಯಿರಿ. ಅವಧಿ ಮುಗಿದ ಮಾರನೆಯ ದಿನ ಅದೇ ಬಿರುಕು ಪುರಸಭೆಯ ಖರ್ಚಾಗುತ್ತದೆ, ಅಂದರೆ ನಮ್ಮೆಲ್ಲರ ತೆರಿಗೆಯ ಖರ್ಚು.

ನಮ್ಮಲ್ಲಿ ಫಲ ಸಿಕ್ಕಿದ್ದು ಈ ಪತ್ರಕ್ಕೆ. ಕಿರಿಯ ಎಂಜಿನಿಯರ್ ಪುಸ್ತಕ ಹಿಡಿದು ಬಂದರು, ನಮ್ಮೆದುರಿಗೇ ಅಳೆದರು. ಕುಸಿದ ಭಾಗವನ್ನೂ ಅದರ ಎರಡು ಕಡೆಯನ್ನೂ ಒಡೆದು ಹೊಸದಾಗಿ ಹಾಕಲು ನೋಟಿಸು ಹೋಯಿತು. ಹಾಕಿದ ದಿನ ಬೀದಿಯವರು ಸರದಿಯ ಮೇಲೆ ನಿಂತಿದ್ದೆವು. ಮೇಸ್ತ್ರಿ ಮಾಮ ಹಸಿ ಕಾಂಕ್ರೀಟಿಗೆ ಒಂದು ಕಡ್ಡಿ ಚುಚ್ಚಿ, ಹೊರಗೆಳೆದು, ಅದರ ಒದ್ದೆ ಗುರುತಿಗೆ ಟೇಪು ಹಿಡಿದು ಆರು ಇಂಚು ಎಂದು ತೋರಿಸಿದರು. ಏಳು ದಿನ ಗೋಣಿಚೀಲಕ್ಕೆ ನೀರು ಹಾಕಿದವರು ನಾವೇ, ಮನೆಗೆ ಒಂದು ದಿನದಂತೆ. ಚರಂಡಿಯ ಹೊಣೆಗಾರಿಕೆ ಮುಗಿಯುವ ದಿನಾಂಕವನ್ನು ಮೂರು ಮನೆಗಳ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದೇವೆ. ಅದಕ್ಕೆ ಮೂರು ತಿಂಗಳ ಮೊದಲು ಆ 62 ಮೀಟರನ್ನು ಟೇಪು ಹಿಡಿದು ಇನ್ನೊಮ್ಮೆ ನಡೆಯುವುದಿದೆ. ಈ ನಡುವೆ ಶೌಚಾಲಯದ ಕರಾರು ಪತ್ರಕ್ಕೆ ಅರ್ಜಿ ಹಾಕಿ ಇವತ್ತಿಗೆ 12 ದಿನ.